ಒಪೆರಾ ಹಾಕುವ ಮುಂಚೆ ಟಿವಿಯ ಆಟೊ ವಾಲ್ಯೂಮ್ ಆಫ್ ಮಾಡಿ
1913ರಲ್ಲಿ ಇಟಲಿಯ ವೆರೋನಾದ ಅರೀನಾದಲ್ಲಿ, ಅಂದರೆ ಅಲ್ಲಿನ ಹಳೆಯ ಬಯಲು ರಂಗಮಂದಿರದಲ್ಲಿ, ಒಪೆರಾ (ಹಾಡಿನಲ್ಲೇ ಕಥೆ ಹೇಳುವ ನಾಟಕ) ಉತ್ಸವ ಶುರುವಾದದ್ದು ಸಂಗೀತಗಾರ ವೆರ್ಡಿಯ ‘ಐದಾ’ದಿಂದ. ಅಲ್ಲಿನ ‘ಐದಾ’ ರೆಕಾರ್ಡಿಂಗನ್ನು ಮನೆಯಲ್ಲಿ ನೋಡುವವರು ಟಿವಿಯ ಸೌಂಡ್ ಸೆಟ್ಟಿಂಗ್‌ಗೆ ಹೋಗಿ ಆಟೊ ವಾಲ್ಯೂಮ್, ನೈಟ್ ಮೋಡ್ ಎರಡನ್ನೂ ಆಫ್ ಮಾಡಿ. ಆಮೇಲೆ ನೇರ ಎರಡನೇ ಅಂಕದ ವಿಜಯದ ಮೆರವಣಿಗೆಗೆ ಓಡಿಸಿ. ಉದ್ದನೆಯ ತುತ್ತೂರಿಗಳು ಮೊಳಗುವಾಗ ಕಿವಿಗೆ ಹಿತವಾಗುವಷ್ಟು ವಾಲ್ಯೂಮ್ ಇಟ್ಟು, ಮತ್ತೆ ಶುರುವಿನಿಂದ ಹಾಕಿ. ರಿಮೋಟ್ ಮುಟ್ಟಲೇಬೇಡಿ. ಈ ಒಪೆರಾ ಶುರುವಾಗುವುದೇ ವಯಲಿನ್‌ಗಳ ಪಿಸುದನಿಯಲ್ಲಿ, ಮುಗಿಯುವುದೂ ಗೋರಿಯೊಳಗೆ ಮೆಲ್ಲಗೆ ಆರುವ ಹಾಡಿನಲ್ಲಿ. ಆಟೊ ವಾಲ್ಯೂಮ್ ಸಣ್ಣ ದನಿಯನ್ನು ಎತ್ತಿ, ದೊಡ್ಡದನ್ನು ಅದುಮಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಬಯಲಿನ ರೆಕಾರ್ಡಿಂಗ್ ಅಲ್ವಾ, ಜೊತೆಗೆ ಗಾಳಿಯ ಸದ್ದು, ಜನರ ಕೆಮ್ಮು ಕೂಡ ಮೇಲೆದ್ದು ಬರುತ್ತವೆ. ಕೋಣೆಯ ದೀಪವನ್ನೂ ಆರಿಸಿ. ಕಲ್ಲಿನ ಮೆಟ್ಟಿಲುಗಳ ಮೇಲೆ ಪ್ರೇಕ್ಷಕರು ಹಚ್ಚಿದ ಪುಟ್ಟ ಮೋಂಬತ್ತಿಗಳನ್ನು ತೋರಿಸಿದರೆ, ಕತ್ತಲಲ್ಲಿ ಅದೆಷ್ಟು ಚೆಂದ! ಪಕ್ಕದ ಕೋಣೆಯಲ್ಲಿ ಮಗು ಮಲಗಿದ್ದರೆ ಇದು ಆಗದ ಮಾತು, ಹೆಡ್‌ಫೋನ್ ಹಾಕಿಕೊಳ್ಳಿ. ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಮೊದಲ ಒಂದೆರಡು ನಿಮಿಷ ಏನೂ ಕೇಳಿಸುವುದಿಲ್ಲ. ಇನ್ನು ದನಿಯನ್ನು ಮೊದಲೇ ಅದುಮಿ ಹಾಕಿರುವ ಸಣ್ಣ ಕ್ಲಿಪ್‌ಗಳಿಗೆ ಈ ಉಪಾಯ ನಡೆಯಲ್ಲ.