ಡೇಟಾಬೇಸ್ ಇಲ್ಲದೆ ಟೋಕನ್ ಲೆಕ್ಕ: ನೋಡ್‌ನಲ್ಲಿ ನನ್ನ ಅನುಭವ

ಒಂದು ದರ್ಶಿನಿಯ ಟೋಕನ್ ಸಂಖ್ಯೆಯನ್ನೂ ಕಾಯಂ ಗಿರಾಕಿಗಳ ಬಾಕಿಯನ್ನೂ, ಜಾವಾಸ್ಕ್ರಿಪ್ಟ್ ಪ್ರೋಗ್ರಾಂಗಳನ್ನು ಸರ್ವರ್‌ನಲ್ಲಿ ಓಡಿಸುವ ನೋಡ್‌ನ ಒಂದೇ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ), ಒಂದೇ ಜೇಸನ್ ಫೈಲ್ (ಲೆಕ್ಕವನ್ನು ಸಾದಾ ಪಠ್ಯವಾಗಿ ಇಡುವ ಫೈಲ್) ಇಟ್ಟುಕೊಂಡು ನಡೆಸುತ್ತೇನೆ ಎಂದಾಗ ನನ್ನ ಸಹೋದ್ಯೋಗಿಗಳಲ್ಲಿ ಒಬ್ಬರೂ ಒಪ್ಪಲಿಲ್ಲ. ಈಗಿನ ರೂಪಕ್ಕೆ ಬಂದು ಹದಿನೆಂಟು ತಿಂಗಳಾಗಿದೆ. ದಿನಕ್ಕೆ ಸುಮಾರು 900 ಟೋಕನ್ ಹೋಗುತ್ತವೆ, ಇದುವರೆಗೆ ಒಂದು ದಾಖಲೆಯೂ ಕಳೆದಿಲ್ಲ.

ಆದರೆ ಅದಕ್ಕೆ ಮೊದಲು ಕಳೆದದ್ದು ಕಡಿಮೆಯಲ್ಲ. ವೇಗ ಹೆಚ್ಚಲೆಂದು, ಪ್ರೋಗ್ರಾಂ ನಿಲ್ಲದಂತೆ ನೋಡಿಕೊಳ್ಳುವ ಪಿಎಂ2ನ ಕ್ಲಸ್ಟರ್ ಮೋಡ್‌ನಲ್ಲಿ ಎರಡು ವರ್ಕರ್, ಅಂದರೆ ಅದೇ ಪ್ರೋಗ್ರಾಂನ ಎರಡು ಪ್ರೊಸೆಸ್, ಹಾಕಿದ್ದೆ. ಎರಡಕ್ಕೂ ಬೇರೆ ಬೇರೆ ಮೆಮೊರಿ ಇರುವುದರಿಂದ ಗ್ಲೋಬಲ್ (ಎಲ್ಲೆಡೆಗೂ ಒಂದೇ) ಎಂದು ನಾನು ನಂಬಿದ್ದ ಎಣಿಕೆ ಎರಡಾಗಿ, ಒಂದೇ ಸಂಖ್ಯೆಯ ಟೋಕನ್ ಇಬ್ಬರ ಕೈ ಸೇರಿತು. ಒಂದೇ ಪ್ರೊಸೆಸ್‌ಗೆ ಇಳಿಸಿದ ಮೇಲೂ ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಎಣಿಕೆ ಎರಡಾಗುತ್ತಿತ್ತು. ಒಂದು ಕಡೆ ಎಣಿಕೆಯ ಮಾಡ್ಯೂಲಿನ (ಕೋಡ್ ಫೈಲಿನ) ಹೆಸರನ್ನು ದೊಡ್ಡಕ್ಷರದಿಂದ, ಇನ್ನೊಂದು ಕಡೆ ಸಣ್ಣಕ್ಷರದಿಂದ ಕರೆದಿದ್ದೆ. ವಿಂಡೋಸ್‌ಗೆ ಫೈಲ್ ಒಂದೇ ಆದರೂ, ನೋಡ್ ಒಮ್ಮೆ ಓದಿದ ಮಾಡ್ಯೂಲ್‌ಗಳನ್ನು ಇಟ್ಟುಕೊಳ್ಳುವ ಕ್ಯಾಶೆಯಲ್ಲಿ ಅವು ಎರಡು ಪ್ರತಿಗಳು. ಇದನ್ನು ಹುಡುಕಲು ಎರಡು ರಾತ್ರಿ ಹಿಡಿಯಿತು.

ದೊಡ್ಡ ಪೆಟ್ಟು ಕೊಟ್ಟದ್ದು ಕರೆಂಟ್. ರೈಟ್‌ಫೈಲ್ (ಫೈಲಿಗೆ ಬರೆಯುವ ನೋಡ್‌ನ ಆದೇಶ) ಮೊದಲು ಹಳೆಯದನ್ನು ಬರಿದು ಮಾಡಿ ಆಮೇಲೆ ಬರೆಯುತ್ತದೆ. ಆ ನಡುವೆ ಕರೆಂಟ್ ಹೋಗಿ ಫೈಲ್ ಸೊನ್ನೆ ಬೈಟ್ ಆಯಿತು. ಹಿಂದಿನ ರಾತ್ರಿಯ ಪ್ರತಿ ಇತ್ತು, ಅಂದಿನ ಬಾಕಿ ಹೋಯಿತು. ಆ ಏಳು ಸಾವಿರ ರೂಪಾಯಿಯಷ್ಟನ್ನು ನನ್ನ ಸಂಭಾವನೆಯಿಂದಲೇ ಮುರಿದುಕೊಳ್ಳಿ ಎಂದು ಮಾಲೀಕರಿಗೆ ನಾನೇ ಹೇಳಿದೆ.

ಅಂದಿನಿಂದ ಬರೆಯುವ ಕೆಲಸವೆಲ್ಲ ಒಂದೇ ಪ್ರಾಮಿಸ್ ಸರಪಳಿಯಲ್ಲಿ (ಒಂದು ಮುಗಿದ ಮೇಲೆ ಇನ್ನೊಂದು ಎಂಬಂತೆ) ಸಾಲಾಗಿ ನಡೆಯುತ್ತದೆ: ತಾತ್ಕಾಲಿಕ ಫೈಲಿಗೆ ಬರೆದು, ಎಫ್‌ಸಿಂಕ್ (ಬರೆದದ್ದು ನಿಜವಾಗಿ ಡಿಸ್ಕಿಗೆ ಇಳಿಯುವಂತೆ) ಮಾಡಿ, ಮುಚ್ಚಿ, ಆಮೇಲೆ ಅಸಲು ಹೆಸರಿಗೆ ರಿನೇಮ್. ತಾತ್ಕಾಲಿಕ ಫೈಲ್ ಅದೇ ಫೋಲ್ಡರಿನಲ್ಲಿರಲಿ. ನಾನು ಮೊದಲು ಟೆಂಪ್ ಫೋಲ್ಡರಿನಲ್ಲಿಟ್ಟು, ಅದು ಬೇರೆ ಫೈಲ್‌ಸಿಸ್ಟಮ್ (ಬೇರೆಯೇ ಶೇಖರಣಾ ವಿಭಾಗ) ಆದ್ದರಿಂದ ರಿನೇಮ್ ಎರರ್ ಬಂದು ಅರ್ಧ ದಿನ ಕಳೆದೆ. ಒಂದು ಬರಹ ನಡೆಯುತ್ತಿರುವಾಗ ಬಂದ ಬದಲಾವಣೆಗಳೆಲ್ಲ ಮುಂದಿನ ಒಂದೇ ಬರಹದಲ್ಲಿ ಸೇರುತ್ತವೆ. ಬಾಕಿ ಜಮೆಯಾದಾಗ ಮಾತ್ರ, ರಿನೇಮ್ ಮುಗಿಯುವವರೆಗೆ ಕೌಂಟರಿಗೆ ಉತ್ತರ ಹೋಗುವುದಿಲ್ಲ.

ಕುತೂಹಲಕ್ಕೆಂದು ವರ್ಷದ ಹಳೆಯ ಲೆಕ್ಕವನ್ನೆಲ್ಲ ಹಲವು ಪಟ್ಟು ಹಿಗ್ಗಿಸಿ 60 ಎಂಬಿಯ ಒಂದೇ ಫೈಲ್ ಮಾಡಿ ನೋಡಿದೆ. ಸ್ಟ್ರಿಂಗಿಫೈ (ಮೆಮೊರಿಯ ಲೆಕ್ಕವನ್ನು ಜೇಸನ್ ಪಠ್ಯವಾಗಿಸುವ ಹಂತ) ಒಂದಕ್ಕೇ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಸರ್ವರ್ ನಿಂತಿತು. ಹಾಗಾಗಿ ತಿಂಗಳಿಗೊಂದು ಫೈಲ್ ಮಾಡಿದ್ದೇನೆ.

ರೀಸ್ಟಾರ್ಟ್‌ನಲ್ಲೂ ಎಚ್ಚರ ಬೇಕು. ಪಿಎಂ2 ಪ್ರೋಗ್ರಾಂ ನಿಲ್ಲಲು ತಾನಾಗಿ ಕೊಡುವ ಗಡುವು 1,600 ಮಿಲಿಸೆಕೆಂಡ್ ಮಾತ್ರ. ಅದನ್ನು 5,000ಕ್ಕೆ ಏರಿಸಿ, ನಿಲ್ಲುವ ಸಿಗ್ನಲ್ ಬಂದೊಡನೆ ಬರಹಗಳ ಸಾಲು ಖಾಲಿಯಾಗುವವರೆಗೆ ಕಾಯುವಂತೆ ಮಾಡಿದ್ದೇನೆ. ಮತ್ತೆ ಎದ್ದಾಗ ಪ್ರಿಂಟರಿನ ಕೊನೆಯ ಟೋಕನ್‌ಗೂ ಫೈಲಿಗೂ ತಾಳೆ ಹಾಕುವ ಬಗೆಯೊಂದಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹೊರಗಿನ ಡೇಟಾಬೇಸ್ ಸೇವೆಗೆ ತಿಂಗಳಿಗೆ 1,800 ರೂಪಾಯಿಯಷ್ಟು ಕೇಳಿದ್ದರು. ನನ್ನ ಹಳೆಯ ಕಂಪ್ಯೂಟರಿಗೂ ಆಮೇಲೆ ತಂದ ಯುಪಿಎಸ್‌ಗೂ ಸೇರಿ ಒಟ್ಟು 12,000 ಆಗಿರಬೇಕು. ಈಚೆಗೆ ಎರಡನೆಯ ಕೌಂಟರ್ ತೆರೆದರು. ಪ್ರೊಸೆಸ್ ಹೆಚ್ಚಿಸಲಿಲ್ಲ, ಎರಡೂ ಬ್ರೌಸರ್‌ಗಳು ಅದೇ ಒಂದನ್ನು ಕೇಳುತ್ತವೆ, ಭಾನುವಾರದ ಬೆಳಗಿನ ನೂಕುನುಗ್ಗಲಿನಲ್ಲೂ ಸಿಪಿಯು ಐದು ಶೇಕಡಾ ದಾಟಿದ್ದನ್ನು ನಾನು ಕಂಡಿಲ್ಲ.