ಕಳೆ ಕೀಳುವ ಮೊದಲು ಅಕ್ಕನನ್ನು ಕೇಳಿ

ನಮ್ಮ ಬಡಾವಣೆಯ ತೋಟಕ್ಕೆ ಹೊಸದಾಗಿ ಬರುವವರು ಮೊದಲು ಕೇಳುವುದು ಟೊಮೆಟೊ, ಕ್ಯಾಪ್ಸಿಕಮ್, ಆಮೇಲೆ ಸ್ಟ್ರಾಬೆರಿ. ಆ ಆಸೆ ಇಟ್ಟುಕೊಂಡು ಬಂದವರಲ್ಲಿ ಅರ್ಧ ಜನ ಮಳೆಗಾಲ ಮುಗಿಯುವ ಹೊತ್ತಿಗೆ ಕಾಣುವುದಿಲ್ಲ. ಉಳಿದವರು ಉಳಿದಿದ್ದು ಸೊಪ್ಪಿನಿಂದ. ಅದೂ ನಾವು ಬಿತ್ತದೇ ತಾನಾಗಿ ಹುಟ್ಟಿದ ಸೊಪ್ಪಿನಿಂದ. ಅದು ಹೇಗೆ ಅಂತ ಹೇಳುವ ಮೊದಲು ಜಾಗದ ಬಗ್ಗೆ ಸ್ವಲ್ಪ.

ತೋಟ ಇರುವುದು ದಕ್ಷಿಣ ಬೆಂಗಳೂರಿನ ಒಂದು 40×60 ಸೈಟಿನಲ್ಲಿ. ಮಾಲೀಕರು ಬೇರೆ ಊರಿನಲ್ಲಿದ್ದಾರೆ. ಖಾಲಿ ಸೈಟಿನ ಗತಿ ಗೊತ್ತಲ್ಲ, ರಾತ್ರಿ ಯಾರೋ ಕಸದ ಚೀಲ ಎಸೆದು ಹೋಗುತ್ತಾರೆ, ಬೆಳಿಗ್ಗೆ ನಾಯಿಗಳು ಅದನ್ನು ರಸ್ತೆಗೆಲ್ಲಾ ಹರಡುತ್ತವೆ. ಜಾಗ ಚೊಕ್ಕವಾಗಿ ಇಟ್ಟುಕೊಳ್ಳುತ್ತೇವೆ, ಕೇಳಿದಾಗ ಬಿಟ್ಟುಕೊಡುತ್ತೇವೆ ಅಂತ ಮಾಲೀಕರಿಗೆ ಬರೆದುಕೊಟ್ಟೆವು. ಮರ ನೆಡಬಾರದು, ಗೋಡೆ ಕಟ್ಟಬಾರದು, ಕೊಳವೆಬಾವಿ ಕೊರೆಸಬಾರದು, ಒಂದು ತಿಂಗಳ ನೋಟಿಸಿಗೆ ಖಾಲಿ ಮಾಡಬೇಕು. ಇಷ್ಟನ್ನು ಕಾಗದದಲ್ಲಿ ಹಾಕಿದ ಮೇಲೆ ಅವರಿಗೂ ಧೈರ್ಯ ಬಂತು. ನೀವು ಇಂಥದ್ದು ಶುರು ಮಾಡುವುದಾದರೆ ಇದೊಂದನ್ನು ಬಾಯಿಮಾತಿನಲ್ಲಿ ಬಿಡಬೇಡಿ.

ಮಣ್ಣು ಅಂತ ಅಲ್ಲಿ ಇರಲೇ ಇಲ್ಲ ಅನ್ನಬಹುದು. ಒಡೆದ ಟೈಲ್ಸ್, ಸಿಮೆಂಟಿನ ಗಟ್ಟಿ, ಪೇಂಟ್ ಡಬ್ಬ, ಟ್ಯೂಬ್‌ಲೈಟಿನ ಚೂರು. ಪೇಂಟ್ ಬಿದ್ದ ಜಾಗದಲ್ಲಿ ಸೀಸ ಇರಬಹುದು, ಸೊಪ್ಪು ಅದನ್ನು ಹೀರಿಕೊಳ್ಳಬಹುದು. ಹಾಗಾಗಿ ಹಳೆಯ ಮಣ್ಣಿನಲ್ಲಿ ತಿನ್ನುವಂಥದ್ದು ಏನೂ ಬೆಳೆಯಬಾರದು ಅಂತ ತೀರ್ಮಾನ ಮಾಡಿದೆವು. ಸುತ್ತ ಇಟ್ಟಿಗೆ ಜೋಡಿಸಿ, ಹೊರಗಿಂದ ಕೆಂಪು ಮಣ್ಣು ತರಿಸಿ, ಏರು ಮಡಿ ಮಾಡಿದೆವು. ದುಡ್ಡು ಖರ್ಚಾಗಿದ್ದು ಈ ಮಣ್ಣಿಗೇ ಜಾಸ್ತಿ.

ಗೊಬ್ಬರಕ್ಕೆ ದುಡ್ಡು ಕೊಡಲಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ನಮ್ಮ ರಸ್ತೆಯ ಹೊಂಗೆ, ಮಳೆಮರ ಎಲ್ಲ ಎಲೆ ಉದುರಿಸುತ್ತವೆ. ಮೊದಲು ಅದಕ್ಕೆ ಬೆಂಕಿ ಬೀಳುತ್ತಿತ್ತು. ಈಗ ಕಬ್ಬಿಣದ ಜಾಲರಿಯನ್ನು ದುಂಡಗೆ ಸುತ್ತಿ ನಿಲ್ಲಿಸಿ, ಅದರೊಳಗೆ ತುಂಬುತ್ತೇವೆ. ಪದರ ಪದರವಾಗಿ ಎಲೆ, ಮಧ್ಯೆ ಮಧ್ಯೆ ಸಗಣಿ ನೀರು ಅಥವಾ ಹುಳಿ ಮಜ್ಜಿಗೆ, ಆಗಾಗ ಕೆದಕುವುದು, ಒಣಗಲು ಬಿಡದಿರುವುದು. ಹೊಂಗೆ, ಮಳೆಮರದ ಎಲೆ ಬೇಗ ಕಳಿಯುತ್ತದೆ. ಮಾವಿನೆಲೆ ಸತಾಯಿಸುತ್ತದೆ, ಅದಕ್ಕೆ ಬೇರೆ ಜಾಲರಿ ಇಡುವುದು ಒಳ್ಳೆಯದು.

ಜೀವಾಮೃತ ಅನ್ನುವ ದ್ರವ ಗೊಬ್ಬರವನ್ನೂ ಮಾಡುತ್ತೇವೆ. ರೈತರು 200 ಲೀಟರ್ ನೀರಿಗೆ ಮಾಡುವುದನ್ನು ನಾವು 20 ಲೀಟರಿಗೆ ಇಳಿಸಿಕೊಂಡಿದ್ದೇವೆ. 1 ಕೆಜಿ ನಾಟಿ ಹಸುವಿನ ಸಗಣಿ, 1 ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆ ಹಿಟ್ಟು, ಮರದ ಬುಡದ ಒಂದು ಹಿಡಿ ಮಣ್ಣು. ನೆರಳಿನಲ್ಲಿ ಎರಡು ದಿನ ಇಟ್ಟು, ಬೆಳಿಗ್ಗೆ ಸಂಜೆ ಕೋಲಿನಿಂದ ತಿರುಗಿಸಿ, ನೀರು ಬೆರೆಸಿ ಬುಡಕ್ಕೆ ಹಾಕುತ್ತೇವೆ. ವಾರದೊಳಗೆ ಮುಗಿಸಬೇಕು. ಪಕ್ಕದ ಮನೆಯವರಿಗೆ ವಾಸನೆಯ ಬಗ್ಗೆ ಮೊದಲೇ ಹೇಳಿಬಿಡಿ. ಹೇಳದಿದ್ದರೆ ತೋಟದ ಮೇಲಿನ ಮೊದಲ ದೂರು ಅದೇ ಆಗಿರುತ್ತದೆ.

ಈಗ ಸೊಪ್ಪಿನ ವಿಷಯ. ಜೂನಿನ ಮಳೆ ಬಿದ್ದು ಮಡಿ ತುಂಬ ಏನೇನೋ ಹುಟ್ಟಿತ್ತು. ಭಾನುವಾರ ಎಲ್ಲರೂ ಕೂತು ಕಳೆ ಕೀಳುತ್ತಿದ್ದೆವು. ನಮ್ಮ ಬೀದಿಯ ಮೂರ್ನಾಲ್ಕು ಮನೆಗಳಲ್ಲಿ ಕೆಲಸ ಮಾಡುವ ಒಬ್ಬ ಅಕ್ಕ, ಶ್ರೀನಿವಾಸಪುರ ಕಡೆಯವರು, ಗೇಟಿನ ಹತ್ತಿರ ನಿಂತು ನೋಡಿದರು. "ಅಯ್ಯೋ, ಅಣ್ಣೆ ಸೊಪ್ಪನ್ನ ಯಾಕಮ್ಮಾ ಬಿಸಾಕ್ತೀರಾ?" ಅಂದವರೇ ಒಳಗೆ ಬಂದು ನಾವು ಕಿತ್ತ ರಾಶಿಯ ಮುಂದೆ ಕೂತರು. ಅಣ್ಣೆ, ಗೋಣಿ, ಕನ್ನೆ, ಗಣಿಕೆ, ಕೀರೆ, ಮುಳ್ಳು ದಂಟು. ಒಂದೊಂದನ್ನೂ ಬೇರೆ ಮಾಡಿ ಇಟ್ಟರು. ಎದುರಿನ ಕಟ್ಟಡದ ಕಾವಲಿಗಿದ್ದ ಯಾದಗಿರಿ ಕಡೆಯ ಅಣ್ಣನೂ ಬಂದು ಸೇರಿಕೊಂಡ. ಗೋಣಿ ಸೊಪ್ಪಿಗೆ ಬೇಳೆ ಹಾಕಬೇಕೋ ಬೇಡವೋ ಅಂತ ಅವರಿಬ್ಬರಿಗೂ ವಾದ. ನಾವು ಹತ್ತು ಹನ್ನೆರಡು ಜನ ಡಿಗ್ರಿ ಮಾಡಿದವರು ಸುಮ್ನೆ ನೋಡುತ್ತಾ ಕೂತಿದ್ದೆವು.

ಅಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ಅಕ್ಕ ಹೇಳಿದ ಹಾಗೆ ಬೆರಕೆ ಸೊಪ್ಪಿನ ಸಾರು ಆಯಿತು. ಸೊಪ್ಪು, ತೊಗರಿ ಬೇಳೆ, ಹಸಿಮೆಣಸು ಒಟ್ಟಿಗೆ ಬೇಯಿಸಿ, ಬಸಿದು, ಮಸೆದು, ಬೆಳ್ಳುಳ್ಳಿ ಒಗ್ಗರಣೆ. ಜೊತೆಗೆ ಮುದ್ದೆ. ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಮಳೆ ಬಂದ ಮೇಲೆ ಇದು ಮಾಮೂಲಿ ಊಟ. ನಾನು ಮೈಸೂರಿನಲ್ಲಿ ಬೆಳೆದವಳು, ನನ್ನ ಅಜ್ಜಿಗೂ ಇದು ಗೊತ್ತಿದ್ದಿರಬೇಕು. ಆದರೆ ಅಜ್ಜಿಯಿಂದ ಅಮ್ಮನಿಗೆ ಬರುವಷ್ಟರಲ್ಲಿ ಎಲ್ಲೋ ನಿಂತುಹೋಗಿದೆ.

ಮುಂದಿನ ವಾರ ಅಕ್ಕನಿಗೆ ಕೇಳಿದೆವು: ಭಾನುವಾರ ಒಂದು ಗಂಟೆ ಬಂದು ಹೇಳಿಕೊಡುತ್ತೀರಾ? ಆ ಗಂಟೆಗೆ ದುಡ್ಡು ಕೊಡಬೇಕು ಅಂತ ನಾನು ಹಟ ಹಿಡಿದೆ. ಒಂದಿಬ್ಬರು ಗೊಣಗಿದರು, "ಅವರೂ ಸೊಪ್ಪು ತಗೊಂಡು ಹೋಗ್ತಾರಲ್ಲ" ಅಂತ. ಯೋಗ ಹೇಳಿಕೊಡಲು ಬರುವವರಿಗೆ ಗಂಟೆಯ ಲೆಕ್ಕದಲ್ಲಿ ಕೊಡುತ್ತೇವೆ, ಅವರು ಕುಡಿಯುವ ಕಾಫಿಯನ್ನು ಅದರಲ್ಲಿ ಕಳೆಯುತ್ತೇವಾ? ಈ ವಾದ ನನ್ನ ಕಡೆಗೆ ತಿರುಗಿತು. ಪೇಟೆಯವರನ್ನು ಮಣ್ಣಿನ ಹತ್ತಿರ ತರಬೇಕು ಅಂತ ಎಲ್ಲರೂ ಹೇಳುತ್ತಾರೆ. ಮಣ್ಣು ಗೊತ್ತಿರುವವರು ನಮ್ಮ ಪಾತ್ರೆ ತೊಳೆಯುತ್ತಾ, ನಮ್ಮ ಗೇಟು ಕಾಯುತ್ತಾ ಇಲ್ಲೇ ಇದ್ದಾರೆ. ಅವರನ್ನು ಕೇಳುವುದೇ ಇಲ್ಲ. ಮೂರು ಸಾವಿರ ಕೊಟ್ಟು ವರ್ಕ್‌ಶಾಪಿಗೆ ಹೋಗುತ್ತೇವೆ.

ಅಕ್ಕ ಹಾಕಿದ ಕಟ್ಟುಪಾಡುಗಳೇ ಈಗ ತೋಟದ ಕಾನೂನು. ಅವರು ನೋಡಿ ಸರಿ ಅನ್ನದೆ ತಾನಾಗಿ ಹುಟ್ಟಿದ ಯಾವುದನ್ನೂ ಮನೆಗೆ ಒಯ್ಯುವ ಹಾಗಿಲ್ಲ. ಕುಡಿ ಮಾತ್ರ ಚಿವುಟಬೇಕು, ಬುಡ ಕೀಳಬಾರದು. ಪ್ರತಿ ಜಾತಿಯದ್ದೂ ಒಂದಷ್ಟು ಗಿಡ ಬೀಜಕ್ಕೆ ಬಿಡಬೇಕು. ಚರಂಡಿ ಪಕ್ಕ, ರಸ್ತೆ ಪಕ್ಕ, ಹಳೆಯ ಮಣ್ಣಿರುವ ಮೂಲೆ, ಅಲ್ಲಿ ಎಷ್ಟೇ ಸೊಂಪಾಗಿ ಬಂದಿದ್ದರೂ ಮುಟ್ಟಬಾರದು. ಗಣಿಕೆಯ ಹಸಿರು ಕಾಯಿ ವಿಷ, ಎಲೆಯನ್ನು ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಗೋಣಿ ಸೊಪ್ಪಿನ ಹಾಗೇ ನೆಲಕ್ಕೆ ಹರಡುವ ಇನ್ನೊಂದು ಗಿಡ ಇದೆ, ಕಾಂಡ ಮುರಿದರೆ ಹಾಲು ಬರುತ್ತದೆ. ಹಾಲು ಬಂದರೆ ಅದು ಗೋಣಿ ಅಲ್ಲ, ಬಿಸಾಡಬೇಕು. ಇದಕ್ಕೆ ನಾನು ಸೇರಿಸಿದ್ದು ಒಂದೇ: ಗೋಣಿಯಲ್ಲಿ ಆಕ್ಸಲೇಟ್ ಜಾಸ್ತಿ, ಕಿಡ್ನಿ ಕಲ್ಲಿನ ತೊಂದರೆ ಇರುವವರು ದೂರ ಇರಬೇಕು. ಕಾಂಗ್ರೆಸ್ ಗಿಡವನ್ನು ಮಾತ್ರ ಹೂ ಬಿಡುವ ಮೊದಲೇ, ಕೈಗವಸು ಹಾಕಿಕೊಂಡು ಕೀಳುತ್ತೇವೆ. ಅದರ ಬಗ್ಗೆ ಅಕ್ಕನಿಗೂ ಕರುಣೆ ಇಲ್ಲ.

ಬೆಂಗಳೂರಿನವರಿಗೆ ಹಸಿರು ಕಡಿಮೆ ಅಂತ ನಾನು ಹೇಳಲಾರೆ. ಹೈದರಾಲಿ 1760ರಲ್ಲಿ ಶುರು ಮಾಡಿದ ಲಾಲ್‌ಬಾಗ್ ಇದೆ, ಕಬ್ಬನ್ ಪಾರ್ಕ್ ಇದೆ, ಬಡಾವಣೆಗೊಂದು ಪಾರ್ಕ್ ಇದೆ. ಆದರೆ ಅಲ್ಲೆಲ್ಲ ಹೂ ಕೀಳಬೇಡಿ, ಹುಲ್ಲಿನ ಮೇಲೆ ನಡೆಯಬೇಡಿ, ಹೊತ್ತಾದರೆ ಗೇಟು ಬಂದ್. ಇರಬೇಕಾದ್ದೇ, ಇಲ್ಲದಿದ್ದರೆ ಅಷ್ಟು ಜನಕ್ಕೆ ಒಂದು ಗಿಡವೂ ಉಳಿಯುವುದಿಲ್ಲ. ಕೀಳಬಹುದು, ಅಗೆಯಬಹುದು, ಕೈ ಕೆಸರು ಮಾಡಿಕೊಳ್ಳಬಹುದು ಅನ್ನುವ ಜಾಗವೂ ಹತ್ತಿರ ಒಂದು ಬೇಕು ಅಷ್ಟೇ.

ಬಿತ್ತುವುದರಲ್ಲಿ ನಾವು ಕಲಿತಿದ್ದು, ಹೊಸಬರಿಗೆ ತಿಂಗಳೊಳಗೆ ಕೈಗೆ ಏನಾದರೂ ಸಿಗಬೇಕು ಅನ್ನುವುದು. ಮೆಂತ್ಯ, ಹರಿವೆ, ಸಬ್ಬಸಿಗೆ, ದಂಟು ಇವು ಬೇಗ ಬರುತ್ತವೆ. ಒಬ್ಬೊಬ್ಬರಿಗೆ ಒಂದೊಂದು ಮಡಿ ಅಂತ ಹಂಚಲಿಲ್ಲ. ಹಂಚಿದರೆ ಊರಿಗೆ ಹೋದವರ ಮಡಿ ಒಣಗುತ್ತದೆ, ಪಕ್ಕದವರು ಮುನಿಸಿಕೊಳ್ಳುತ್ತಾರೆ. ಎಲ್ಲ ಮಡಿಯೂ ಎಲ್ಲರದು. ಭಾನುವಾರ ಕೊಯ್ದಿದ್ದನ್ನು ಗೋಣಿಚೀಲದ ಮೇಲೆ ಹರಡಿ, ಅವತ್ತು ಕೆಲಸಕ್ಕೆ ಬಂದವರು ಹಂಚಿಕೊಳ್ಳುತ್ತಾರೆ.

ಇದಕ್ಕೆ ವಿರುದ್ಧ ಅವರೆ. ಅದು ಕಾಯಿಸುತ್ತದೆ. ಬೇಲಿಯ ಉದ್ದಕ್ಕೂ ನಾಟಿ ಅವರೆ ಹಾಕಿದ್ದೆವು, ಜುಲೈನಲ್ಲಿ. ಆಗಸ್ಟ್, ಸೆಪ್ಟೆಂಬರ್ ಪೂರ್ತಿ ಬರೀ ಬಳ್ಳಿ, ಎಲೆ. "ಮೇಡಮ್, ಇದು ಬಂಜೆ ಬೀಜ, ಮೋಸ ಹೋಗಿದ್ದೀರಿ" ಅಂತ ನಮ್ಮ ಗುಂಪಿನ ಒಬ್ಬ ಐಟಿ ಹುಡುಗ ಹೇಳಿದ. ಹಾಗಲ್ಲ. ನಾಟಿ ಅವರೆ ಹಗಲು ಗಿಡ್ಡವಾಗುವವರೆಗೆ ಹೂ ಬಿಡುವುದಿಲ್ಲ. ಚಳಿ ಹತ್ತಿದಾಗ ಹೂ, ಇಬ್ಬನಿ ಬಿದ್ದಾಗ ಕಾಯಿ. ಬೆಂಗಳೂರಿನ ಅವರೆಬೇಳೆ ಮೇಳ ಜನವರಿ ಸುಮಾರಿಗೆ ಆಗುವುದೂ ಇದಕ್ಕೇ. ವರ್ಷಪೂರ್ತಿ ಬೇಕು ಅನ್ನುವವರಿಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ತಳಿಗಳಿವೆ, ಅವಕ್ಕೆ ಹಗಲಿನ ಲೆಕ್ಕ ಇಲ್ಲ, ಬಳ್ಳಿಯಾಗದೆ ಗಿಡವಾಗಿ ಬೆಳೆಯುತ್ತವೆ. ಒಂದು ಮಡಿಯಲ್ಲಿ ಅದನ್ನೂ ಹಾಕಿದ್ದೇವೆ. ಆದರೆ ಸೊಗಡು ಬೇಕಾದರೆ ಡಿಸೆಂಬರ್‌ವರೆಗೆ ಕಾಯಲೇಬೇಕು. ಆ ಐಟಿ ಹುಡುಗ ಈಗ ಸಂಜೆ ಎಷ್ಟು ಹೊತ್ತಿಗೆ ಕತ್ತಲಾಗುತ್ತದೆ ಅಂತ ನಮಗೆ ವರದಿ ಕೊಡುತ್ತಾನೆ.

ಅವರೆಗೆ ಕರಿ ಹೇನು ಹತ್ತಿದಾಗ ಎಲ್ಲರೂ ಸ್ಪ್ರೇ ಹೊಡೆಯೋಣ ಅಂದರು. ತುದಿಗಳನ್ನು ಬೆರಳಿನಿಂದ ಒರೆಸಿ, ಜಾಸ್ತಿ ಇದ್ದ ಕಡೆ ಬೇವಿನೆಣ್ಣೆಗೆ ಸೋಪು ನೀರು ಬೆರೆಸಿ ಹೊಡೆದು, ಒಂದು ಬಳ್ಳಿಯನ್ನು ಮಾತ್ರ ಮುಟ್ಟದೆ ಬಿಟ್ಟೆವು. ಅದು ಮಕ್ಕಳ ಬಳ್ಳಿ. ಚುಕ್ಕೆ ಚುಕ್ಕೆಯ ಕೆಂಪು ಜೀರುಂಡೆ ಅಲ್ಲಿ ಹೇನು ತಿನ್ನಲು ಬಂತು. ಅದರ ಮರಿ ಇನ್ನೂ ಜಾಸ್ತಿ ತಿನ್ನುತ್ತದೆ, ನೋಡಲು ಮಾತ್ರ ಪುಟ್ಟ ಮೊಸಳೆ. ಮಕ್ಕಳು ಅದನ್ನು ಕೊಲ್ಲಲು ಹೊರಟ ದೊಡ್ಡವರನ್ನು ತಡೆದರು.

ಮೂಲೆಯಲ್ಲಿ ಒಂದು ಎಕ್ಕದ ಗಿಡ ಇತ್ತು. ಹಾಲು ಕಣ್ಣಿಗೆ ಬಿದ್ದರೆ ಕಷ್ಟ, ತೆಗೆಸಿ ಅಂದವರು ಇದ್ದರು. ಎರಡು ಕಾರಣಕ್ಕೆ ಅದು ಉಳಿಯಿತು. ಒಂದು, ರಥಸಪ್ತಮಿಗೆ ಎಕ್ಕದ ಎಲೆ ತಲೆ ಮೇಲೆ ಇಟ್ಟು ಸ್ನಾನ ಮಾಡುವ ಹಿರಿಯರು ಬಡಾವಣೆಯಲ್ಲಿ ಬಹಳ ಜನ ಇದ್ದಾರೆ. ಎರಡು, ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆ ಮೊಟ್ಟೆ ಇಡುವ ಗಿಡ ಅದು. ಸುತ್ತ ಒಂದು ಬೇಲಿ ಕಟ್ಟಿ, ಹಾಲಿನ ಬಗ್ಗೆ ಮಕ್ಕಳಿಗೆ ಎಚ್ಚರಿಕೆ ಹೇಳಿ ಬಿಟ್ಟಿದ್ದೇವೆ. ಪಟ್ಟೆ ಪಟ್ಟೆಯ ಹುಳ ಕಂಡರೆ ಫೋಟೊ ತೆಗೆಯುವ ಸಾಲು ನಿಲ್ಲುತ್ತದೆ.

ನೀರು ನಮ್ಮ ದೊಡ್ಡ ತಲೆನೋವು. 2023ರಲ್ಲಿ ಮಳೆ ಕೈಕೊಟ್ಟಿತ್ತು, 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕಬಾರದು, ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ಸರಿಯಾದ ಆದೇಶವೇ. ಜನಕ್ಕೆ ಕುಡಿಯಲು ಇಲ್ಲದಾಗ ಮೆಂತ್ಯಕ್ಕೆ ಕಾವೇರಿ ಹಾಯಿಸುವುದು ಯಾವ ನ್ಯಾಯ? ಅಕ್ಕಿ, ತರಕಾರಿ ತೊಳೆದ ನೀರನ್ನು ಮನೆಮನೆಯಿಂದ ಬಕೆಟ್ಟಿನಲ್ಲಿ ತಂದೆವು. ಆರ್‌ಒ ಯಂತ್ರದಿಂದ ಹೊರಗೆ ಹೋಗುವ ನೀರಿನಲ್ಲಿ ಉಪ್ಪಿನಂಶ ಜಾಸ್ತಿ, ಸೊಪ್ಪಿನ ತುದಿ ಸುಡುತ್ತದೆ. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ ಅಂದೆವು. ಮುಕ್ಕಾಲು ಮಡಿಗಳನ್ನು ಒಣ ಎಲೆಯಿಂದ ದಪ್ಪಗೆ ಮುಚ್ಚಿ ಖಾಲಿ ಬಿಟ್ಟು, ಬಸಳೆ ಮತ್ತು ಒಂದೆರಡು ಬದನೆ ಗಿಡ ಮಾತ್ರ ಉಳಿಸಿಕೊಂಡೆವು. ಅಕ್ಕನ ಪ್ರಕಾರ ಬೇಸಿಗೆಯಲ್ಲಿ ನೆಲ ಸುಮ್ಮನಿರುವುದೇ ಸರಿ, ಪೇಟೆಯವರಿಗೇ ಅದಕ್ಕೆ ಕೆಲಸ ಕೊಡುವ ಆತುರ. ಈಗ ಪಕ್ಕದ ಮನೆಯ ಚಾವಣಿ ನೀರನ್ನು ಪೈಪ್ ಹಾಕಿ ಡ್ರಮ್ಮುಗಳಿಗೆ ಬಿಟ್ಟುಕೊಂಡಿದ್ದೇವೆ. ಬೇಸಿಗೆಯಲ್ಲಿ ಮಡಿ ಖಾಲಿ ಬಿಡುವ ಪದ್ಧತಿಯನ್ನೂ ಮುಂದುವರಿಸಿದ್ದೇವೆ.

ಮಾಲೀಕರು ಮನೆ ಕಟ್ಟುವ ಮಾತು ಆಡುತ್ತಿದ್ದಾರೆ. ನೋಟಿಸ್ ಬಂದರೆ ಇಟ್ಟಿಗೆ, ಜಾಲರಿ, ಡ್ರಮ್ಮು ಹೊತ್ತು ಹೊರಡಬೇಕು. ಮಡಿಯ ಮೇಲಿನ ಒಂದು ಗೇಣು ಮಣ್ಣನ್ನೂ ಚೀಲಕ್ಕೆ ತುಂಬಿಕೊಳ್ಳಬೇಕು ಅಂತ ಅಕ್ಕ ಈಗಲೇ ಹೇಳಿದ್ದಾರೆ, ಅಣ್ಣೆ ಮತ್ತು ಗೋಣಿಯ ಬೀಜ ಅದರಲ್ಲೇ ಇರುವುದು. ಎರಡು ಬೀದಿ ಆಚೆ ಇನ್ನೊಂದು ಖಾಲಿ ಸೈಟು ನೋಡಿಟ್ಟಿದ್ದೇವೆ. ಅಲ್ಲಿ ಸದ್ಯಕ್ಕೆ ಬರೀ ಕಾಂಗ್ರೆಸ್ ಗಿಡ ಇದೆ.