ಹೊಲದಾಗಿನ ಸಮ್ಮರ್ ಕ್ಯಾಂಪಿಗೆ ಹುಡುಗ್ರನ್ನ ಕಳಸೋರು ಇಷ್ಟು ನೋಡ್ರಿ
ಬಿಜಾಪುರ ಕಡೆ ಯಾರರೆ ಮಕ್ಕಳನ್ನ ಹೊಲದಾಗಿನ ಕ್ಯಾಂಪಿಗೆ ಹಾಕೋರಿದ್ರ ಮೊದ್ಲ ಕೇಳ್ರಿ, ಹುಡುಗ್ರ ಕೈಲೆ ಏನು ಮಾಡಸ್ತೀರಿ ಅಂತ. ಹೋದ ವರ್ಷ ಮಗಳನ್ನ ಒಂದು ಕಡೆ ಹಾಕಿದ್ದೆ, ಬರೇ ಟ್ರ್ಯಾಕ್ಟರ್ ಮುಂದ ನಿಂದರ್ಸಿ ಫೋಟೊ ಹೊಡದು ಕಳ್ಸಿದ್ರು, ರೊಕ್ಕ ನೀರಾಗ ಹೋತು.

ಈ ಸಲ ನಮ್ಮ ಕಾಕಾನ ಹೊಲದಾಗ ನಾವ ಐದಾರು ಹುಡುಗ್ರನ್ನ ಕೂಡ್ಸಿ ಜೀವಾಮೃತ (ಹೊಲಕ್ಕ ಹಾಕೋ ಸಗಣಿ-ಗೋಮೂತ್ರದ ನೀರುಗೊಬ್ಬರ) ಮಾಡ್ಸಿದ್ವಿ. ಲೆಕ್ಕ ಹಿಂಗದ: 200 ಲೀಟರ್ ನೀರಿಗೆ 10 ಕೆಜಿ ಸಗಣಿ, 10 ಲೀಟರ್ ಗೋಮೂತ್ರ, 2 ಕೆಜಿ ಬೆಲ್ಲ, 2 ಕೆಜಿ ಕಡ್ಲಿಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ನಮ್ಮ ಬಕೆಟ್ 20 ಲೀಟರಿಂದು, ಹಂಗಾರ ಎಷ್ಟೆಷ್ಟು ಹಾಕಬೇಕು ನೀವ ಹೇಳ್ರಿ ಅಂದ್ವಿ, ಭಾಗಾಕಾರ ಅಂದ್ರ ಓಡಿಹೋಗೋ ಹುಡುಗಿ ಬೆಲ್ಲ 200 ಗ್ರಾಂ ತಕ್ಕಡ್ಯಾಗ ತಾನ ತೂಗಿ ಹಾಕಿದ್ಳು (ಒಂದು ಚೂರು ಬಾಯಾಗ ಹೋತು, ಇರ್ಲಿ). ಸಗಣಿ ನೋಡಿ ಮೊದ್ಲ ಮೂಗು ಮುಚ್ಕೊಂಡವ್ರು ಆಮ್ಯಾಲ ಕಟಗಿ ಹಿಡದು ತಿರವಾಕ ಪಾಳಿ ಹಚ್ಚಿದ್ರು. ಎರಡು ದಿನ ನೆರಳಾಗ ಇಟ್ಟು ಗೋಣಿಚೀಲ ಮುಚ್ರಿ, ಬಿಗಿ ಮುಚ್ಚಳ ಬ್ಯಾಡ.

ಮತ್ತ ನಮ್ಮ ಬಿಸಲು ಗೊತ್ತದಲ್ಲ, ಮೇ ತಿಂಗಳದಾಗ 40 ಡಿಗ್ರಿ ದಾಟ್ತದ, ಮುಂಜಾನೆ 7 ರಿಂದ 10 ಅಷ್ಟ ಕೆಲಸ, ಆಮ್ಯಾಲ ಬೇವಿನ ಗಿಡದ ಬುಡಕ ಮಜ್ಜಿಗಿ. ಕೈಗೆ ಗಾಯ ಇದ್ದವ್ರಿಗೆ ಸಗಣಿ ಮುಟ್ಟಸಬ್ಯಾಡ್ರಿ, ಸಾಬೂನು ಮರೀಬ್ಯಾಡ್ರಿ.